ಬೀಗದ ಕೈಯಿಂದ ಓದುಗರ ಕೈಗೆ

ಕಳೆದ ಬೇಸಿಗೆಯಲ್ಲಿ ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಯ ಒಂದು ಹಳ್ಳಿಗೆ ಹೋಗುವ ಸಂದರ್ಭ ಒದಗಿಬಂದಿತು. ಪರಿಚಿತರೊಬ್ಬರನ್ನು ಕಂಡು ಹಿಂದಿರುಗುವ ವೇಳೆಗೆ ಸಂಜೆ ನಾಲ್ಕು ಗಂಟೆ. ಬಸ್ಸಿಗೆ ಇನ್ನೂ ಒಂದು ತಾಸು ಕಾಯಬೇಕಾಗಿತ್ತು. ಬಿಸಿಲಿನಿಂದ ತಪ್ಪಿಸಿಕೊಳ್ಳಲು ನೆರಳು ಹುಡುಕುತ್ತಿದ್ದ ನನಗೆ ಗ್ರಾಮ ಪಂಚಾಯತಿ ಕಚೇರಿಯ ಮಗ್ಗುಲಲ್ಲಿ ಸುಣ್ಣಬಣ್ಣ ಕಂಡಿದ್ದ ಒಂದು ಕೊಠಡಿ ಕಾಣಿಸಿತು. ಹೊಸ್ತಿಲ ಹೊರಗೆ ಹತ್ತು ಹನ್ನೆರಡು ಜೊತೆ ಪುಟ್ಟ ಚಪ್ಪಲಿಗಳು. ಬಾಗಿಲ ಮೇಲೆ ‘ಗ್ರಂಥಾಲಯ’ ಎಂಬ ಫಲಕ. ನಾನೂ ಪಾದರಕ್ಷೆ ಕಳಚಿ ಒಳಗೆ ಹೋದೆ.

ಒಳಗಿನ ನೋಟ ಸಾಧಾರಣವಾದುದೇ. ಒಂದು ಬದಿಯ ಬೆಂಚಿನ ಮೇಲೆ ಇಬ್ಬರು ಹಿರಿಯರು ಒಂದೇ ದಿನಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದುತ್ತಿದ್ದರು. ಮೇಜಿನ ಮುಂದೆ ಒಬ್ಬ ಯುವಕ ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ಪುಸ್ತಕದಿಂದ ಟಿಪ್ಪಣಿ ಬರೆದುಕೊಳ್ಳುತ್ತಿದ್ದ. ನೆಲಕ್ಕೆ ಹಾಸಿದ ಚಾಪೆಯ ಮೇಲೆ ಮಕ್ಕಳು. ಅವರ ನಡುವಿನಿಂದ ಸುಮಾರು ಹತ್ತು ವರ್ಷದ ಒಬ್ಬ ಹುಡುಗಿ ಎದ್ದಳು. ಓದಿ ಮುಗಿಸಿದ ಪುಸ್ತಕವನ್ನು ಕಪಾಟಿನಲ್ಲಿಟ್ಟು, ಅದರ ಪಕ್ಕದ ಎರಡು ಮೂರು ಪುಸ್ತಕಗಳನ್ನು ತೆರೆದು ನೋಡಿ, ಒಂದನ್ನು ಆರಿಸಿಕೊಂಡು ಮೇಲ್ವಿಚಾರಕಿಯ ಮೇಜಿನ ಮೇಲಿಟ್ಟಳು. ಆಕೆ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದುಕೊಂಡರು. ಹುಡುಗಿ ಪುಸ್ತಕವನ್ನು ಎದೆಗವಚಿಕೊಂಡು ಮನೆಗೆ ಹೊರಟಳು. ಇಷ್ಟೇ ನಡೆದದ್ದು. ಆದರೆ ಅವಳು ಯಾರ ಅಪ್ಪಣೆಯನ್ನೂ ಬೇಡಲಿಲ್ಲ, ಯಾರೂ ಅವಳನ್ನು ‘ನಿನಗೇಕೆ ಇದು’ ಎಂದು ಕೇಳಲಿಲ್ಲ ಎಂಬ ಸಂಗತಿ ನನ್ನ ಮನಸ್ಸನ್ನು ಬಹಳವಾಗಿ ಕಲಕಿತು. ಅದಕ್ಕೆ ನನ್ನದೇ ಆದ ಒಂದು ಕಾರಣವುಂಟು. ಅದನ್ನು ಮುಂದೆ ನಿವೇದಿಸುತ್ತೇನೆ. ಅದಕ್ಕೆ ಮೊದಲು, ಆ ಹುಡುಗಿಯ ಕೈಗೆ ಆ ಪುಸ್ತಕ ಬಂದು ಸೇರಲು ಎಷ್ಟು ಶತಮಾನಗಳು ಬೇಕಾದವು ಎಂಬುದನ್ನು ನಾವು ಸ್ವಲ್ಪ ಅವಲೋಕಿಸೋಣ.

ನಮ್ಮ ನಾಡಿಗೆ ಗ್ರಂಥಾಲಯ ಹೊಸದಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯಿರುವ ನಾಗಾವಿ ಇಂದು ಪಾಳುಬಿದ್ದ ದೇಗುಲಗಳ ಸ್ಥಳ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದೊಂದು ಘಟಿಕಾಸ್ಥಾನವಾಗಿತ್ತು, ಅಂದರೆ ಉನ್ನತ ವಿದ್ಯಾಕೇಂದ್ರವಾಗಿತ್ತು. ಅಲ್ಲಿಯ 1058ರ ಶಾಸನವು ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಲೆಕ್ಕ ಹಾಕಿ ಹೇಳುವುದರ ಜೊತೆಗೆ ಆರು ಮಂದಿ ‘ಸರಸ್ವತೀ ಭಂಡಾರಿ’ಗಳನ್ನೂ ಹೆಸರಿಸುತ್ತದೆ. ಗ್ರಂಥಪಾಲಕರಿಗೆ ಆ ಕಾಲದ ಹೆಸರು ಅದು. ಸುಮಾರು ಒಂದು ಸಾವಿರ ವರ್ಷಗಳ ಹಿಂದೆಯೇ ಪುಸ್ತಕಗಳನ್ನು ನೋಡಿಕೊಳ್ಳಲೆಂದು ಆರು ಜನರನ್ನು ನೇಮಿಸಿದ ನಾಡು ನಮ್ಮದು ಎಂಬುದು ಸಣ್ಣ ಮಾತೇನಲ್ಲ.

ಅದಕ್ಕಿಂತಲೂ ಹಿಂದೆ, ಹತ್ತನೆಯ ಶತಮಾನದ ಕೊನೆಯಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆ ಕವಿ ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮುದ್ರಣಯಂತ್ರವಿಲ್ಲದ ಕಾಲ. ಪ್ರತಿಯೊಂದು ಅಕ್ಷರವನ್ನೂ ತಾಳೆಗರಿಯ ಮೇಲೆ ಕಂಠದಿಂದ ಕೊರೆಯಬೇಕಾಗಿತ್ತು. ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ದುಡಿಮೆಯೆಂಬುದನ್ನು ನೀವೇ ಊಹಿಸಿರಿ. ಪುಸ್ತಕವನ್ನು ಕಾಪಾಡುವುದಕ್ಕೆ ಅದನ್ನು ಅಡಗಿಸಿಡುವುದಕ್ಕಿಂತ ಹಂಚುವುದೇ ಉತ್ತಮ ಮಾರ್ಗವೆಂಬುದನ್ನು ಆ ತಾಯಿ ಅಂದೇ ಅರಿತಿದ್ದಳು.

ಆದರೆ ಎಲ್ಲರೂ ಅತ್ತಿಮಬ್ಬೆಯಂತೆ ನಡೆಯಲು ಸಾಧ್ಯವಿರಲಿಲ್ಲ. ಕೈಬರಹದ ಪುಸ್ತಕ ಅಪರೂಪದ ವಸ್ತು. ಒಂದು ಪ್ರತಿ ಹಾಳಾದರೆ ಗ್ರಂಥವೇ ಲೋಕದಿಂದ ಮರೆಯಾಗಬಹುದಾಗಿತ್ತು. ಆದುದರಿಂದ ಅದನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಪೂಜೆಯ ದಿನ ಮಾತ್ರ ಹೊರತೆಗೆಯುವ ಪದ್ಧತಿ ಬೆಳೆಯಿತು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲ ಗ್ರಂಥಗಳ ತಾಳೆಗರಿ ಪ್ರತಿಗಳನ್ನು ಯಾತ್ರಿಕರು ಶತಮಾನಗಳ ಕಾಲ ದೂರದಿಂದ ದರ್ಶನ ಮಾತ್ರ ಪಡೆದು ಹೋಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅವುಗಳ ನಕಲು ಮಾಡುವ ಕಾರ್ಯ ಆರಂಭವಾಗಿ, 1939ರಿಂದ ಮುದ್ರಿತ ಸಂಪುಟಗಳು ಹೊರಬರಲು ತೊಡಗಿದವು. ಅಲ್ಲಿ ಕಾಪಾಡದೇ ಇದ್ದಿದ್ದರೆ ಆ ಗ್ರಂಥಗಳು ನಮಗೆ ಉಳಿಯುತ್ತಲೇ ಇರಲಿಲ್ಲ. ನಕಲು ಮಾಡಲು ಕೊಡದೇ ಇದ್ದಿದ್ದರೆ ಉಳಿದೂ ಪ್ರಯೋಜನವಾಗುತ್ತಿರಲಿಲ್ಲ. ಈ ಎರಡು ಸತ್ಯಗಳನ್ನೂ ನಾವು ಒಟ್ಟಿಗೆ ಒಪ್ಪಿಕೊಳ್ಳಬೇಕು.

ಇದು ಕೇವಲ ನಮ್ಮ ದೇಶದ ಕಥೆಯೆಂದು ತಿಳಿಯಬೇಡಿರಿ. ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯಲ್ಲಿ, ತಪಸ್ಸುಕಾಲ ಆರಂಭವಾದಾಗ ಪ್ರತಿಯೊಬ್ಬ ಸನ್ಯಾಸಿಗೂ ಗ್ರಂಥಭಂಡಾರದಿಂದ ಒಂದೊಂದು ಪುಸ್ತಕವನ್ನು ಕೊಡಬೇಕು, ಅವನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು ಎಂದು ವಿಧಿಸಿದರು. ಎಷ್ಟು ಉದಾತ್ತವಾದ ನಿಯಮ! ಆದರೂ ಮುಂದಿನ ಶತಮಾನಗಳಲ್ಲಿ ಅದೇ ಯೂರೋಪಿನ ದೇವಾಲಯಗಳ ಗ್ರಂಥಾಲಯಗಳಲ್ಲಿ ಪುಸ್ತಕಗಳಿಗೆ ಕಬ್ಬಿಣದ ಸರಪಣಿ ಹಾಕಿ ಕಪಾಟಿಗೆ ಬಿಗಿಯಲಾಯಿತು. ಇಂಗ್ಲೆಂಡಿನ ಹೆರೆಫರ್ಡ್ ಪ್ರಧಾನಾಲಯದಲ್ಲಿ ಆ ಸರಪಣಿಯ ಗ್ರಂಥಾಲಯವನ್ನು ಇಂದಿಗೂ ಕಾಣಬಹುದು. ಓದುಗನು ಪುಸ್ತಕದ ಬಳಿಗೆ ಹೋಗಬೇಕಾಗಿತ್ತೇ ಹೊರತು ಪುಸ್ತಕವು ಓದುಗನ ಮನೆಗೆ ಬರುವಂತಿರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ಬೀಗ ಸಡಿಲಗೊಂಡ ಬಗೆಯನ್ನು ಈಗ ನೋಡೋಣ. 1891ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಮೈಸೂರಿನಲ್ಲಿ ಪ್ರಾಚ್ಯ ಗ್ರಂಥಾಲಯವನ್ನು ಸ್ಥಾಪಿಸಿದರು. ಮನೆ ಮಠಗಳಲ್ಲಿ ಚದುರಿಹೋಗಿದ್ದ ಓಲೆಗರಿಗಳು ಅಲ್ಲಿಗೆ ಬಂದು ಸೇರತೊಡಗಿದವು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಂದು ಓಲೆಗರಿ ಕಟ್ಟನ್ನು ಆ ಗ್ರಂಥಾಲಯಕ್ಕೆ ಒಪ್ಪಿಸಿದರು. ಅವರ ಹೆಸರು ಕೂಡ ಇತಿಹಾಸದಲ್ಲಿ ಉಳಿದಿಲ್ಲ. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಅದನ್ನು ಬಿಚ್ಚಿ ಓದಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂಬುದು ಗೊತ್ತಾಯಿತು. ಅದುವರೆಗೆ ವಿದ್ವಾಂಸರು ಆ ಕೃತಿಯ ಹೆಸರನ್ನು ಮಾತ್ರ ಕೇಳಿದ್ದರು. 1909ರಲ್ಲಿ ಮೂಲವು ಅಚ್ಚಾಗಿ, ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಜಗತ್ತಿನ ತಿಳಿವಳಿಕೆಯೇ ಬದಲಾಯಿತು. ಒಬ್ಬರು ಕೊಟ್ಟರು, ಒಂದು ಸಂಸ್ಥೆ ಇಟ್ಟುಕೊಂಡಿತು, ಮತ್ತೊಬ್ಬರು ಬಿಚ್ಚಿ ಓದಿದರು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಆ ಗ್ರಂಥ ನಮ್ಮ ಪಾಲಿಗೆ ಇಲ್ಲವಾಗುತ್ತಿತ್ತು.

ಆದರೆ ಪ್ರಾಚ್ಯ ಗ್ರಂಥಾಲಯ ವಿದ್ವಾಂಸರಿಗೆ ಮೀಸಲಾದ ತಾಣ. ಸಾಮಾನ್ಯ ನಾಗರಿಕನಿಗೆ? 1910ರಲ್ಲಿ ಬರೋಡ ಸಂಸ್ಥಾನದ ಸಯಾಜಿರಾವ್ ಗಾಯಕವಾಡರು ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಾಲಯ ತಜ್ಞರನ್ನು ಕರೆಸಿ, ಹಳ್ಳಿ ಹಳ್ಳಿಗೆ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ಕಳುಹಿಸುವ ವ್ಯವಸ್ಥೆಯನ್ನು ಆರಂಭಿಸಿದರು. ನಮ್ಮಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರವರೆಗಿನ ಅವಧಿಯಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ತೆರೆದುಕೊಂಡವು. ಬೆಂಗಳೂರಿನ ಕಬ್ಬನ್ ಉದ್ಯಾನದ ನಡುವೆ ಕೆಂಪು ಬಣ್ಣದ ಆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. 1883ರಿಂದ 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ನೆನಪಿಗಾಗಿ 1915ರಲ್ಲಿ ನಿರ್ಮಾಣವಾದ ಆ ಕಟ್ಟಡವೇ ಇಂದಿನ ರಾಜ್ಯ ಕೇಂದ್ರ ಗ್ರಂಥಾಲಯ. ವಿದ್ಯಾರ್ಥಿಯಾಗಿದ್ದಾಗ ನಾನು ಮೊದಲ ಬಾರಿ ಅಲ್ಲಿಗೆ ಹೋದೆ. ಎತ್ತರದ ಛಾವಣಿ, ಉದ್ದನೆಯ ಕಿಟಕಿಗಳಿಂದ ಇಳಿದುಬರುವ ಮರಗಳ ಹಸಿರು ಬೆಳಕು, ಪುಟ ತಿರುವುವ ಸದ್ದು ಮಾತ್ರ ಕೇಳಿಸುವ ಮೌನ. ಅರಮನೆಯಂತಹ ಆ ಭವನದಲ್ಲಿ ನನ್ನ ಪಕ್ಕದಲ್ಲಿ ಸವೆದ ಕಾಲರಿನ ಅಂಗಿ ತೊಟ್ಟ ವೃದ್ಧರೊಬ್ಬರು ಯಾರ ಹಂಗೂ ಇಲ್ಲದೆ ಕುಳಿತು ಓದುತ್ತಿದ್ದರು. ಸಾರ್ವಜನಿಕ ಎಂಬ ಪದದ ಅರ್ಥ ನನಗೆ ಆ ದಿನ ತಿಳಿಯಿತು.

ಇಷ್ಟಾದರೂ ಬೆಂಗಳೂರಿನ ಭವನ ದೊಡ್ಡೇರಿಯ ಮಗುವಿಗೆ ದೂರವೇ. ಆ ದೂರವನ್ನು ಇಲ್ಲವಾಗಿಸಬೇಕೆಂದು ಜೀವಮಾನವಿಡೀ ಶ್ರಮಿಸಿದವರು ಡಾ. ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಮೊದಲ ದಿನಗಳಲ್ಲಿ ಆ ಕೆಲಸದ ಏಕಾಂತ ಅವರಿಗೆ ಬೇಸರ ತಂದಿತಂತೆ. ಮರಳಿ ಪಾಠ ಹೇಳಲು ಹೋಗುತ್ತೇನೆಂದು ಹಂಬಲಿಸಿದರಂತೆ. ತರಬೇತಿಗಾಗಿ ಇಂಗ್ಲೆಂಡಿಗೆ ಹೋದಾಗ ಅಲ್ಲಿನ ಗ್ರಂಥಾಲಯಗಳು ಊರಿನ ಮಕ್ಕಳಿಗೂ ಕಾರ್ಮಿಕರಿಗೂ ಗೃಹಿಣಿಯರಿಗೂ ಸಮಾನವಾಗಿ ಸೇವೆ ಸಲ್ಲಿಸುವುದನ್ನು ಕಂಡು ಅವರ ಮನಸ್ಸು ಬದಲಾಯಿತು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು ಇಂದು ಜಗತ್ತಿನಾದ್ಯಂತ ಪಾಠವಾಗಿವೆ. ಪುಸ್ತಕವನ್ನು ಬಳಸುವುದಕ್ಕೇ ಇಟ್ಟಿರುವುದು ಎಂಬುದು ಮೊದಲನೆಯ ಸೂತ್ರದ ತಾತ್ಪರ್ಯ. ಕೇಳಲು ಎಷ್ಟು ಸರಳ! ಆದರೆ ಸಾವಿರ ವರ್ಷಗಳ ಬೀಗ ಸರಪಣಿಗಳಿಗೆ ಕೊಟ್ಟ ಉತ್ತರವದು. ಬದುಕಿನ ಕೊನೆಯ ವರ್ಷಗಳನ್ನು ಅವರು ನಮ್ಮ ಬೆಂಗಳೂರಿನಲ್ಲಿಯೇ ಕಳೆದರು. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನ ಕೇಂದ್ರವೊಂದನ್ನು ಕಟ್ಟಿ, 1972ರ ಸೆಪ್ಟೆಂಬರ್ 27ರಂದು ಅಲ್ಲಿಯೇ ನಿಧನರಾದರು.

ಗ್ರಂಥಾಲಯವು ಉದಾರಿಗಳ ಕೃಪೆಯಿಂದ ನಡೆಯಬಾರದು, ಕಾನೂನಿನ ಬಲದಿಂದ ನಡೆಯಬೇಕು ಎಂಬುದು ರಂಗನಾಥನ್ ಅವರ ನಿಲುವಾಗಿತ್ತು. ಮೈಸೂರು ರಾಜ್ಯವು 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆಯನ್ನು ಅಂಗೀಕರಿಸಿತು. 1966ರ ನವೆಂಬರ್ 1ರಂದು ಗ್ರಂಥಾಲಯ ಇಲಾಖೆ ಅಸ್ತಿತ್ವಕ್ಕೆ ಬಂದಿತು. ಆ ಕಾಯಿದೆಯ ತಿರುಳು ‘ಗ್ರಂಥಾಲಯ ಕರ’. ನೀವು ನಿಮ್ಮ ಮನೆಗೆ ಕಟ್ಟುವ ಆಸ್ತಿ ತೆರಿಗೆಯ ರಸೀದಿಯನ್ನು ಒಮ್ಮೆ ತೆಗೆದು ನೋಡಿರಿ. ತೆರಿಗೆಯ ಪ್ರತಿ ನೂರು ರೂಪಾಯಿಗೆ ಆರು ರೂಪಾಯಿಯನ್ನು ಗ್ರಂಥಾಲಯಕ್ಕೆಂದು ಸೇರಿಸಲಾಗುತ್ತದೆ. ಪುಸ್ತಕವನ್ನೇ ಮುಟ್ಟದವರೂ ಅದನ್ನು ಕಟ್ಟುತ್ತಾರೆ. ಯಾರೋ ಕಾಣದ ಮಗುವೊಂದು ಅದರಿಂದ ಓದುತ್ತದೆ. ಹೀಗೆ ಸಂಗ್ರಹವಾದ ಹಣ ಗ್ರಂಥಾಲಯಗಳಿಗೆ ಪೂರ್ಣವಾಗಿ, ಸಕಾಲದಲ್ಲಿ ತಲುಪುವುದಿಲ್ಲವೆಂಬ ದೂರು ಹಳೆಯದು. ಹಳ್ಳಿಯ ಗ್ರಂಥಾಲಯಗಳ ಮೇಲ್ವಿಚಾರಕರು ಬಹುಕಾಲ ಅತ್ಯಲ್ಪ ಗೌರವಧನಕ್ಕೆ ದುಡಿದರೆಂಬುದೂ ನಿಜ. ಆದರೂ ಆ ಕರದ ಹಿಂದಿನ ಧರ್ಮ ದೊಡ್ಡದು. ನೆರೆಯವನ ಮಗು ನನ್ನ ಹೊಣೆ ಎಂದು ನಾವು ಬಾಯಲ್ಲಿ ಹೇಳುವುದನ್ನು ಅದು ರಸೀದಿಯಲ್ಲಿ ಬರೆದಿದೆ.

2019ರಲ್ಲಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ರಾಜ್ಯದಲ್ಲಿ ಅಂತಹ ಗ್ರಂಥಾಲಯಗಳು 5,500ಕ್ಕೂ ಹೆಚ್ಚು. ಮರುವರ್ಷವೇ ಕೊರೋನ ಬಂದು ಶಾಲೆಗಳು ಮುಚ್ಚಿದವು. ಮೊಬೈಲ್ ಇಲ್ಲದ ಮನೆಯ ಮಕ್ಕಳು ಅಕ್ಷರದಿಂದಲೇ ದೂರವಾಗುವ ಭಯ ಎದುರಾದಾಗ, 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ, ಠೇವಣಿಯಿಲ್ಲ, ಶುಲ್ಕವಿಲ್ಲ. ‘ಅರಿವು ಕೇಂದ್ರ’ಗಳೆಂಬ ಹೊಸ ಹೆಸರಿನೊಂದಿಗೆ ಅನೇಕ ಕಡೆ ಕಟ್ಟಡಗಳು ದುರಸ್ತಿಗೊಂಡವು, ಗಣಕಯಂತ್ರಗಳು ಬಂದವು, ಗೋಡೆಗಳ ಮೇಲೆ ಚಿತ್ರಗಳು ಮೂಡಿದವು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಶಿಕ್ಷಣ ಇಲಾಖೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆಯುತ್ತದೆ. ಮಳೆ ಕಡಿಮೆಯಾದ, ಕಡಲೆಕಾಯಿ ಮತ್ತು ರಾಗಿಯನ್ನು ನಂಬಿದ ಸೀಮೆಯದು. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಮನೆಗಳಲ್ಲಿ ಮೊದಲು ನಿಲ್ಲುವ ಖರ್ಚು ಯಾವುದೆಂದು ನಿಮಗೆ ಗೊತ್ತು. ಅಂತಹ ಮನೆಯ ಮಗುವಿಗೆ ಉಚಿತ ಎಂಬ ಪದದ ಬೆಲೆ ನಗರದವರಿಗೆ ತಿಳಿಯಲಾರದು.

ಪ್ರಿಯ ಓದುಗರೇ, ಈಗ ನಾನು ಹೇಳುವೆನೆಂದಿದ್ದ ಮಾತಿಗೆ ಬರುತ್ತೇನೆ. ಗುರುದೀಕ್ಷೆಯಾದ ಮೊದಲ ವರ್ಷಗಳಲ್ಲಿ ನಾನೊಂದು ಹಳ್ಳಿಯ ಧರ್ಮಕೇಂದ್ರದಲ್ಲಿದ್ದೆ. ದಾನಿಗಳೊಬ್ಬರು ಮಕ್ಕಳಿಗೆಂದು ಸುಮಾರು ಮುನ್ನೂರು ಕನ್ನಡ ಪುಸ್ತಕಗಳನ್ನೂ ಒಂದು ಮರದ ಬೀರುವನ್ನೂ ಕೊಟ್ಟಿದ್ದರು. ನಾನು ಪುಸ್ತಕಗಳನ್ನು ಒಪ್ಪವಾಗಿ ಜೋಡಿಸಿ, ಸಂಖ್ಯೆ ಬರೆದು, ಬೀಗ ಹಾಕಿ, ಬೀಗದ ಕೈಯನ್ನು ನನ್ನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡೆ. ಒಂದು ದಿನ ಕೂಲಿಗೆ ಹೋಗುವ ತಾಯಿಯೊಬ್ಬರ ಮಗಳು ಬಂದು, ‘ಸ್ವಾಮಿ, ಒಂದು ಕಥೆಪುಸ್ತಕ ಕೊಡ್ತೀರಾ?’ ಎಂದು ಕೇಳಿದಳು. ಅವಳ ಕೈಯಲ್ಲಿ ಮಣ್ಣಿತ್ತು. ನಾನು, ‘ಹರಿದುಬಿಡುತ್ತೀಯಮ್ಮ, ಸ್ವಲ್ಪ ದೊಡ್ಡವಳಾಗು, ಕೊಡುತ್ತೇನೆ’ ಎಂದೆ. ಅವಳು ತಲೆಯಾಡಿಸಿ ಹೋದಳು. ಮತ್ತೆ ಕೇಳಲು ಬರಲಿಲ್ಲ. ಅವಳು ದೊಡ್ಡವಳಾಗುವ ಮೊದಲೇ ಆ ಕುಟುಂಬ ಕೆಲಸ ಹುಡುಕಿಕೊಂಡು ಊರು ಬಿಟ್ಟಿತು.

ಎರಡು ಮಳೆಗಾಲ ಕಳೆದ ಮೇಲೆ ವರ್ಗಾವಣೆಯ ಆದೇಶ ಬಂದಾಗ ಲೆಕ್ಕ ಒಪ್ಪಿಸಲೆಂದು ಬೀರುವನ್ನು ತೆರೆದೆ. ಕೆಳಗಿನ ಎರಡು ಅಂಕಣಗಳ ಪುಸ್ತಕಗಳು ಹೊರಗಿನಿಂದ ನೆಟ್ಟಗೆ ನಿಂತಿದ್ದವು. ಕೈಹಾಕಿದರೆ ಒಳಗೆ ಬರೀ ಮಣ್ಣು. ಗೆದ್ದಲು ತಿಂದು ಮುಗಿಸಿತ್ತು. ಮಗುವಿನ ಮಣ್ಣುಗೈಗೆ ಕೊಡಲು ಹಿಂಜರಿದುದನ್ನು ನಾನು ಗೆದ್ದಲಿಗೆ ಕೊಟ್ಟಿದ್ದೆ. ಗುರುಮಠದಲ್ಲಿ ಹತ್ತಾರು ಸಾವಿರ ಪುಸ್ತಕಗಳ ನಡುವೆ ಬೆಳೆದ ನನಗೆ, ಓದಲು ಕೇಳಿಬಂದ ಒಬ್ಬ ಹುಡುಗಿಗೆ ಒಂದು ಪುಸ್ತಕ ಕೊಡುವಷ್ಟು ವಿವೇಕ ಇರಲಿಲ್ಲ. ಈ ತಪ್ಪನ್ನು ನಾನು ಇಷ್ಟು ವರ್ಷಗಳಾದರೂ ಮರೆತಿಲ್ಲ. ದೊಡ್ಡೇರಿಯ ಕಡೆಯ ಆ ಕೊಠಡಿಯಲ್ಲಿ ಹುಡುಗಿಯೊಬ್ಬಳು ತಾನೇ ಆರಿಸಿಕೊಂಡ ಪುಸ್ತಕದೊಂದಿಗೆ ಹೊರನಡೆದಾಗ ನನ್ನ ಕಣ್ಣು ತುಂಬಿಬಂದುದು ಈ ಕಾರಣದಿಂದ.

ಹೊರಡುವ ಮುನ್ನ ಆ ಮೇಲ್ವಿಚಾರಕಿಯನ್ನು, ‘ಮಕ್ಕಳು ಪುಸ್ತಕ ಹರಿಯುವುದಿಲ್ಲವೇನಮ್ಮ?’ ಎಂದು ಕೇಳಿದೆ. ಆಕೆ ನಕ್ಕು, ‘ಹರೀತಾರೆ ಸಾರ್. ಅಂಟಿಸ್ತೀವಿ. ಹರಿದಿದೆ ಅಂದ್ರೆ ಓದವ್ರೆ ಅಂತ ತಾನೇ?’ ಎಂದರು. ಮೇಜಿನ ಮೇಲೆ ಗೋಂದಿನ ಡಬ್ಬಿಯೂ ಕತ್ತರಿಯೂ ಇದ್ದವು. ನಾಗಾವಿಯ ಸರಸ್ವತೀ ಭಂಡಾರಿಗಳ ಪರಂಪರೆ ಆ ಗೋಂದಿನ ಡಬ್ಬಿಯಲ್ಲಿ ಇನ್ನೂ ಜೀವಂತವಾಗಿದೆಯೆಂದು ನನಗೆ ತೋರಿತು.

ಇಂಥ ಶ್ರದ್ಧೆಗೆ ಅಧಿಕಾರವಾಗಲಿ ಐಶ್ವರ್ಯವಾಗಲಿ ಬೇಕಿಲ್ಲ. ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿ ಕಾರ್ಮಿಕರು, ಶಾಲೆಯ ಓದು ತಮಗೆ ದಕ್ಕದಿದ್ದರೂ, ತಮ್ಮ ದುಡಿಮೆಯ ಹಣದಲ್ಲಿ ಶೆಡ್ಡೊಂದರಲ್ಲಿ ಕನ್ನಡ ಗ್ರಂಥಾಲಯ ನಡೆಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾಗಿ ಸುಮಾರು 11 ಸಾವಿರ ಪುಸ್ತಕಗಳು ಬೂದಿಯಾದವು. ಅವರು ಎದೆಗುಂದಲಿಲ್ಲ, ನಾಡಿನ ಹಲವು ಕಡೆಗಳಿಂದ ಜನರು ಪುಸ್ತಕಗಳನ್ನೂ ನೆರವನ್ನೂ ನೀಡಲು ಮುಂದೆ ಬಂದರು. ತಾನು ಪಡೆಯದಿದ್ದುದನ್ನು ಇತರರಿಗೆ ಕೊಡುವುದಕ್ಕಿಂತ ದೊಡ್ಡ ದಾನ ಯಾವುದಿದೆ?

ಗ್ರಂಥಾಲಯದ ಇತಿಹಾಸವೆಂದರೆ ಬೀಗಗಳು ಒಂದೊಂದಾಗಿ ತೆರೆದುಕೊಂಡ ಇತಿಹಾಸ. ಪೆಟ್ಟಿಗೆಯ ಬೀಗ ತೆರೆಯಿತು, ಸರಪಣಿ ಕಳಚಿತು, ಭವನದ ಬಾಗಿಲು ತೆರೆಯಿತು, ಶುಲ್ಕದ ಅಡ್ಡಗೋಡೆಯೂ ಮಕ್ಕಳ ಪಾಲಿಗೆ ಬಿದ್ದಿತು. ಇನ್ನು ಉಳಿದಿರುವ ಕೊನೆಯ ಬೀಗ ನಮ್ಮ ಮನೆಗಳಲ್ಲಿದೆ. ‘ಪಾಠದ ಪುಸ್ತಕ ಬಿಟ್ಟು ಕಥೆಪುಸ್ತಕ ಏಕೆ ಹಿಡಿದೆ’ ಎಂದು ಗದರುವ ತಂದೆಯ ಮಾತಿನಲ್ಲಿ ಅದಿದೆ. ಮಗನನ್ನು ಗ್ರಂಥಾಲಯಕ್ಕೆ ಕಳುಹಿಸಿ ಮಗಳನ್ನು ಪಾತ್ರೆ ಬೆಳಗಲು ಕೂರಿಸುವ ಅಭ್ಯಾಸದಲ್ಲಿ ಅದಿದೆ. ಪುಸ್ತಕ ಹಾಳಾದೀತೆಂದು ಬೀರುವಿನ ಕೀಲಿಯನ್ನು ಖಾನೆಯೊಳಗೆ ಇಟ್ಟುಕೊಳ್ಳುವ ನನ್ನಂಥವರ ಭಯದಲ್ಲಿಯೂ ಅದಿದೆ.

ಆದುದರಿಂದ ಈ ತಿಂಗಳು ಒಂದು ಕೆಲಸ ಮಾಡಿರಿ. ನಿಮ್ಮ ಊರಿನ ಗ್ರಂಥಾಲಯ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ವಿಚಾರಿಸಿರಿ. ಮಕ್ಕಳ ಕೈಹಿಡಿದು ಅಲ್ಲಿಗೆ ಹೋಗಿ ಅವರ ಹೆಸರನ್ನು ಬರೆಯಿಸಿರಿ. ಮುಚ್ಚಿಯೇ ಇದ್ದರೆ ಏಕೆ ಮುಚ್ಚಿದೆಯೆಂದು ಪಂಚಾಯತಿಯಲ್ಲಿ ವಿನಯದಿಂದ ಕೇಳಿರಿ. ಕರ ಕಟ್ಟಿದವರಿಗೆ ಕೇಳುವ ಹಕ್ಕಿದೆ. ಪುಸ್ತಕ ಕೊಡುವುದಾದರೆ ಬೇಡವಾದುದನ್ನಲ್ಲ, ನೀವೇ ಓದಿ ಮೆಚ್ಚಿದುದನ್ನು ಕೊಡಿರಿ. ಮನೆಗೆ ತಂದ ಪುಸ್ತಕವನ್ನು ಸಕಾಲದಲ್ಲಿ ಹಿಂದಿರುಗಿಸಿರಿ, ಏಕೆಂದರೆ ಅದಕ್ಕಾಗಿ ಮತ್ತೊಂದು ಮಗು ಕಾಯುತ್ತಿರುತ್ತದೆ. ನಿಮ್ಮ ಮನೆಯ ಕಪಾಟಿಗೆ ಬೀಗವಿದ್ದರೆ ಅದನ್ನು ಇಂದೇ ತೆಗೆಯಿರಿ.

ಬಸ್ಸು ಬಂದಾಗ ಕತ್ತಲಾಗುತ್ತಲಿತ್ತು. ಕಿಟಕಿಯಿಂದ ಹೊರಗೆ ನೋಡಿದೆ. ಊರಂಚಿನ ಒಂದು ಹಂಚಿನ ಮನೆಯ ಜಗಲಿಯಲ್ಲಿ ದೀಪದ ಕೆಳಗೆ ಆ ಹುಡುಗಿ ಕುಳಿತಿದ್ದಳು. ಮಡಿಲಲ್ಲಿ ಪುಸ್ತಕ. ಪಕ್ಕದಲ್ಲಿ ಅಜ್ಜಿ ಕಡಲೆಕಾಯಿ ಸುಲಿಯುತ್ತಾ ಕೇಳುತ್ತಿದ್ದರು. ಹುಡುಗಿ ಗಟ್ಟಿಯಾಗಿ ಓದುತ್ತಿದ್ದಳು.